ಆಟಗಾರನ ಬೆಲೆ ಕಟ್ಟುವ ಲೆಕ್ಕ ಯಾರ ಕೈಲಿದೆ? ಬೇಸ್‌ಬಾಲ್‌ನ ಹಳೇ ಜಗಳ, ಹೊಸ ಒಪ್ಪಂದ

2025ರ ನವೆಂಬರ್‌ನಲ್ಲಿ ಅಮೆರಿಕದ ಬೇಸ್‌ಬಾಲ್ ಪತ್ರಕರ್ತರ ಮತದಾನದ ಫಲಿತಾಂಶ ಹೊರಬಿತ್ತು. ಅಮೆರಿಕನ್ ಲೀಗ್‌ನ ‘ಅತ್ಯಂತ ಮೌಲ್ಯಯುತ ಆಟಗಾರ’ ಯಾರು ಅನ್ನೋದು ಪ್ರಶ್ನೆ. ಮತ ಹಾಕಿದವರು 30 ಮಂದಿ. ನ್ಯೂಯಾರ್ಕ್ ಯಾಂಕೀಸ್ ತಂಡದ ಆರನ್ ಜಡ್ಜ್‌ಗೆ ಮೊದಲ ಸ್ಥಾನದ 17 ಮತ ಬಂತು, ಸಿಯಾಟಲ್ ಮ್ಯಾರಿನರ್ಸ್‌ನ ಕ್ಯಾಲ್ ರಾಲಿಗೆ 13. ಒಟ್ಟು ಅಂಕಗಳಲ್ಲಿ 355ಕ್ಕೆ 335. ಜಡ್ಜ್ ಗೆದ್ದರು.

ರಾಲಿ ಕ್ಯಾಚರ್. ನಮ್ಮ ವಿಕೆಟ್‌ಕೀಪರ್ ಥರದ ಕೆಲಸ, ಆದರೆ ಅದಕ್ಕಿಂತ ಮೈಮುರಿಯುವಂಥದ್ದು. ಆ ಜಾಗದಲ್ಲಿ ಆಡುತ್ತಾ ಒಂದೇ ಋತುವಿನಲ್ಲಿ 60 ಹೋಮ್ ರನ್ ಹೊಡೆದರು. ಬೇಸ್‌ಬಾಲ್ ಇತಿಹಾಸದಲ್ಲಿ ಬೇರೆ ಯಾವ ಕ್ಯಾಚರ್ ಕೂಡ ಅಷ್ಟು ಹೊಡೆದಿಲ್ಲ. ಜಡ್ಜ್ ಹೊಡೆದದ್ದು 53. ಆದರೆ ಬ್ಯಾಟಿಂಗ್ ಸರಾಸರಿಯಲ್ಲಿ ಲೀಗ್‌ಗೇ ಮೊದಲಿಗರು: ಸಾವಿರ ಅವಕಾಶಕ್ಕೆ 331 ಹಿಟ್‌ಗಳ ಲೆಕ್ಕ. ರಾಲಿಯದು 247.

ಈ ಜಗಳದಲ್ಲಿ ನನಗೆ ಕುತೂಹಲ ಹುಟ್ಟಿಸಿದ್ದು ಫಲಿತಾಂಶಕ್ಕಿಂತ ವಾದ ಮಾಡಿದವರು ನಿಂತ ಜಾಗ. ಬೇಸ್‌ಬಾಲ್‌ನಲ್ಲಿ ‘ಹಳೇ ಲೆಕ್ಕದವರು’ ಮತ್ತು ‘ಹೊಸ ಲೆಕ್ಕದವರು’ ಅಂತ ಎರಡು ಪಂಗಡ ಬಹಳ ಕಾಲದಿಂದ ಇವೆ. ಈ ಸಲ ಎರಡೂ ಕಲಸುಮೇಲೋಗರ. ರಾಲಿ ಪರ ಇದ್ದವರು ಹೋಮ್ ರನ್ ಅನ್ನೋ ಹಳೇ ಅಂಕಿಯನ್ನೂ ಹಿಡಿದರು, ಕ್ಯಾಚರ್ ಚೆಂಡು ಹಿಡಿಯುವ ಚಾಲಾಕಿತನವನ್ನು ಅಳೆಯುವ ತೀರಾ ಹೊಸ ಅಂಕಿಯನ್ನೂ ಹಿಡಿದರು. ಜಡ್ಜ್ ಪರ ಇದ್ದವರ ಕೈಲಿ ಬ್ಯಾಟಿಂಗ್ ಸರಾಸರಿಯೂ ಇತ್ತು, ಹೊಸ ಕಾಲದ ದೊಡ್ಡ ಅಂಕಿ ‘ವಾರ್’ ಕೂಡ ಇತ್ತು. ಅಂದರೆ ಹಳೇದು ಸರಿಯೋ ಹೊಸದು ಸರಿಯೋ ಅನ್ನೋ ಪ್ರಶ್ನೆಗೆ ಈಗ ಮೊದಲಿನ ಖದರ್ ಇಲ್ಲ.

ಹಾಗಂತ ಜಗಳ ಮುಗಿದಿದೆ ಅಂದುಕೊಳ್ಳಬೇಡಿ. ಅದು ಪ್ರಶಸ್ತಿಯ ವೇದಿಕೆಯಿಂದ ಸಂಬಳದ ಮೇಜಿಗೆ ಹೋಗಿದೆ. ಲೀಗ್ ಮತ್ತು ಆಟಗಾರರ ಸಂಘದ ನಡುವಿನ ಒಪ್ಪಂದ 2026ರ ಡಿಸೆಂಬರ್ 1ಕ್ಕೆ ಮುಗಿಯುತ್ತದೆ. ಹೊಸ ಒಪ್ಪಂದದ ಜಟಾಪಟಿಯಲ್ಲಿ ಒಬ್ಬ ಆಟಗಾರನ ‘ಮೌಲ್ಯ’ ಅಂದರೇನು ಅನ್ನೋದಕ್ಕೆ ನೂರಾರು ಹುಡುಗರ ದುಡಿಮೆಯ ದುಡ್ಡು ತಗುಲಿಕೊಂಡಿದೆ.

ಹಳೇ ಅಂಕಿಯೂ ಆಕಾಶದಿಂದ ಇಳಿದದ್ದಲ್ಲ

ಬೇಸ್‌ಬಾಲ್‌ನ ಲೆಕ್ಕಪತ್ರಕ್ಕೆ ಅಡಿಪಾಯ ಹಾಕಿದವರು ಹೆನ್ರಿ ಚಾಡ್ವಿಕ್. 1824ರಲ್ಲಿ ಇಂಗ್ಲೆಂಡ್‌ನಲ್ಲಿ ಹುಟ್ಟಿ, ಚಿಕ್ಕವರಿದ್ದಾಗಲೇ ಅಮೆರಿಕಕ್ಕೆ ಹೋದವರು. ಮೊದಲು ಕ್ರಿಕೆಟ್ ವರದಿಗಾರ. ಕ್ರಿಕೆಟ್‌ನ ಸ್ಕೋರ್ ಕಾರ್ಡನ್ನೇ ತಿದ್ದಿ ಬೇಸ್‌ಬಾಲ್‌ಗೆ ಹೊಂದಿಸಿದರು. ಬ್ಯಾಟಿಂಗ್ ಸರಾಸರಿ ಅನ್ನೋ ಕಲ್ಪನೆಗೂ ಕ್ರಿಕೆಟ್ಟೇ ತವರುಮನೆ.

ಚಾಡ್ವಿಕ್ ಮಾಡಿದ ಒಂದು ತೀರ್ಮಾನ ನೋಡಿ. ಪಿಚರ್ ನಾಲ್ಕು ಸಲ ಗೆರೆ ತಪ್ಪಿಸಿ ಎಸೆದರೆ, ಬ್ಯಾಟರ್ ಅದಕ್ಕೆ ಬ್ಯಾಟು ಬೀಸದೆ ಬಿಟ್ಟರೆ, ಅವನಿಗೆ ಪುಕ್ಕಟೆ ಮೊದಲ ಬೇಸ್ ಸಿಗುತ್ತದೆ. ಇದಕ್ಕೆ ‘ವಾಕ್’ ಅಂತಾರೆ. ನಮ್ಮ ವೈಡ್‌ಗೆ ದೂರದ ನೆಂಟ ಅಂದುಕೊಳ್ಳಿ. ಚಾಡ್ವಿಕ್ ಪ್ರಕಾರ ಇದು ಪಿಚರ್‌ನ ತಪ್ಪು, ಬ್ಯಾಟರ್‌ನ ಸಾಧನೆ ಅಲ್ಲ. ಹಾಗಾಗಿ ಸರಾಸರಿ ಲೆಕ್ಕದಲ್ಲಿ ವಾಕ್‌ಗೆ ಜಾಗ ಸಿಗಲಿಲ್ಲ. ಕೆಟ್ಟ ಚೆಂಡನ್ನು ಬಿಡುವ ತಾಳ್ಮೆಯೂ ಒಂದು ಕಲೆ ಅನ್ನೋದು ನೂರಕ್ಕೂ ಹೆಚ್ಚು ವರ್ಷ ಅಧಿಕೃತ ಸರಾಸರಿಯ ಕಣ್ಣಿಗೆ ಬೀಳಲಿಲ್ಲ.

ಇನ್ನೊಂದು ಹಳೇ ಅಂಕಿ ಆರ್‌ಬಿಐ. ಬ್ಯಾಟರ್ ಹೊಡೆದಾಗ ಎಷ್ಟು ಮಂದಿ ಓಡಿಬಂದು ರನ್ ಆದರು ಅನ್ನೋ ಲೆಕ್ಕ. 1920ರಿಂದ ಅಧಿಕೃತ. ಇದರ ತೊಡಕು ಗೊತ್ತಾಗೋದಕ್ಕೆ ಪರಿಣತಿ ಬೇಡ: ನಿಮ್ಮ ಮುಂದೆ ಆಡಿದವರು ಬೇಸ್ ಮೇಲೆ ನಿಂತಿದ್ದರೆ ತಾನೇ ನೀವು ಅವರನ್ನು ಮನೆಗೆ ತರೋದು? ಪಿಚರ್‌ನ ‘ಗೆಲುವು’ ಕೂಡ ಹೀಗೇ. 2010ರಲ್ಲಿ ಸಿಯಾಟಲ್‌ನ ಫೆಲಿಕ್ಸ್ ಹರ್ನಾಂಡೆಜ್ 13 ಗೆದ್ದು 12 ಸೋತರು, ಯಾಕೆಂದರೆ ಅವರ ತಂಡ ರನ್ನೇ ಹೊಡೀತಾ ಇರಲಿಲ್ಲ. 162 ಪಂದ್ಯಗಳಲ್ಲಿ 513 ರನ್, ಇಡೀ ಲೀಗ್‌ನಲ್ಲೇ ಕನಿಷ್ಠ. ಆ ವರ್ಷ ಸಿ.ಸಿ. ಸಬಾಥಿಯಾ 21 ಗೆದ್ದಿದ್ದರು. ಆದರೂ ಪತ್ರಕರ್ತರು ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿಯನ್ನು ಹರ್ನಾಂಡೆಜ್‌ಗೇ ಕೊಟ್ಟರು. 2018ರಲ್ಲಿ ಜೇಕಬ್ ಡಿಗ್ರಾಮ್ ಬರೀ 10 ಗೆದ್ದು ಅದೇ ಪ್ರಶಸ್ತಿ ಪಡೆದಾಗ ಯಾರೂ ಹುಬ್ಬೇರಿಸಲಿಲ್ಲ. ಆ ವಾದ ಅಷ್ಟರಲ್ಲಿ ಮುಗಿದಿತ್ತು.

‘ಸೇವ್’ ಅನ್ನೋದು ಇನ್ನೂ ಮಜವಾದ ಅಂಕಿ. ಕಡಿಮೆ ಅಂತರದ ಮುನ್ನಡೆಯನ್ನು ಕೊನೆ ಓವರ್‌ಗಳಲ್ಲಿ ಕಾಪಾಡಿದ ಬೌಲರ್‌ಗೆ ಒಂದು ಅಂಕ ಕೊಟ್ಟ ಹಾಗೆ. ಇದನ್ನು ಹುಟ್ಟುಹಾಕಿದ್ದು ಶಿಕಾಗೋದ ಒಬ್ಬ ಕ್ರೀಡಾ ಪತ್ರಕರ್ತ, ಜೆರೋಮ್ ಹೋಲ್ಟ್ಜ್‌ಮನ್. 1969ರಲ್ಲಿ ಅಧಿಕೃತವಾಯಿತು. ಆಮೇಲೆ ನಡೆದದ್ದೇ ಪಾಠ. ಆಟವನ್ನು ಅಳೆಯಲು ಬಂದ ಅಂಕಿಗೆ ಆಟವೇ ಬಗ್ಗತೊಡಗಿತು. ತಂಡದ ಅತ್ಯುತ್ತಮ ಪಿಚರ್‌ನನ್ನು ಪಂದ್ಯ ಕೈಜಾರುವ ಏಳನೇ ಇನಿಂಗ್ಸ್‌ನಲ್ಲಿ ಇಳಿಸದೆ, ಸೇವ್ ಸಿಗಲಿ ಅಂತ ಒಂಬತ್ತನೆಯದಕ್ಕೆ ಕಾಯಿಸುವ ಪದ್ಧತಿ ಬೆಳೆಯಿತು.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ‘ಸಾಂಪ್ರದಾಯಿಕ’ ಅನ್ನೋ ಹೆಸರು ಕೇಳಿದ ಕೂಡಲೇ ಅದು ಕಣ್ಣಿನ ಅನುಭವ, ಹೊಸದು ಮಾತ್ರ ಯಂತ್ರದ ಲೆಕ್ಕ ಅಂತ ಭಾವಿಸುತ್ತೇವೆ. ಎರಡೂ ಲೆಕ್ಕಗಳೇ. ಯಾವುದನ್ನು ಎಣಿಸಬೇಕು, ಯಾವುದನ್ನು ಬಿಡಬೇಕು ಅಂತ ಎರಡರಲ್ಲೂ ಯಾರೋ ಒಬ್ಬರು ಕೂತು ನಿರ್ಧಾರ ಮಾಡಿದ್ದಾರೆ.

ಕಾವಲುಗಾರನ ಲೆಕ್ಕ, ಮಾಲೀಕನ ಲಾಭ

ಈ ನಿರ್ಧಾರಗಳನ್ನು ಪ್ರಶ್ನಿಸಿದವರಲ್ಲಿ ದೊಡ್ಡ ಹೆಸರು ಬಿಲ್ ಜೇಮ್ಸ್. ಕ್ಯಾನ್ಸಸ್‌ನ ಡಬ್ಬಿ ಆಹಾರದ ಕಾರ್ಖಾನೆಯೊಂದರಲ್ಲಿ ರಾತ್ರಿ ಕಾವಲು ಕಾಯುತ್ತಾ ಅಂಕಿಗಳನ್ನು ಕೆದಕುತ್ತಿದ್ದ ಮನುಷ್ಯ. 1977ರಲ್ಲಿ ತಾವೇ ಒಂದು ಪುಸ್ತಿಕೆ ಅಚ್ಚು ಹಾಕಿಸಿ ಮಾರಲು ಶುರು ಮಾಡಿದರು. ಅವರದು ಅಭಿಮಾನಿಯ ಕೆಲಸ. ತರಬೇತುದಾರರು, ವರದಿಗಾರರು, ಮಾಲೀಕರು ಹೇಳಿದ್ದನ್ನೆಲ್ಲ ನಂಬಬೇಡಿ, ಎಣಿಸಿ ನೋಡಿ ಅನ್ನೋ ಧೋರಣೆ. ದೊಡ್ಡವರ ಬಾಯಿ ಮುಚ್ಚಿಸಲು ಚಿಕ್ಕವರ ಕೈಗೆ ಸಿಕ್ಕ ಕೋಲು ಅದು.

ಆಮೇಲೆ ಬಂದದ್ದು ನಿಮ್ಮಲ್ಲಿ ಅನೇಕರು ಸಿನಿಮಾದಲ್ಲಿ ನೋಡಿರುವ ಕಥೆ. 2002ರ ಓಕ್ಲೆಂಡ್ ಅಥ್ಲೆಟಿಕ್ಸ್, ಬಿಲ್ಲಿ ಬೀನ್, 103 ಗೆಲುವು. ಮೈಕೇಲ್ ಲೂಯಿಸ್ ‘ಮನಿಬಾಲ್’ ಬರೆದದ್ದು 2003ರಲ್ಲಿ, ಬ್ರ್ಯಾಡ್ ಪಿಟ್ ನಟಿಸಿದ ಚಿತ್ರ 2011ರಲ್ಲಿ. ವಾಕ್‌ಗೆ ಮಾರುಕಟ್ಟೆಯಲ್ಲಿ ಬೆಲೆ ಕಡಿಮೆ, ಆದರೆ ಗೆಲುವಿಗೆ ಅದರಿಂದ ಸಹಾಯ ಜಾಸ್ತಿ ಅಂತ ಕಂಡುಕೊಂಡ ಬಡ ತಂಡ, ಯಾರಿಗೂ ಬೇಡವಾದವರನ್ನು ಅಗ್ಗಕ್ಕೆ ಕೊಂಡು ಗೆದ್ದಿತು ಅನ್ನೋದು ಕಥೆ. ಸುಳ್ಳಲ್ಲ. ಆದರೆ ಆ ವರ್ಷ ಅದೇ ತಂಡದ ಬ್ಯಾರಿ ಜಿಟೊ ಸೈ ಯಂಗ್ ಪ್ರಶಸ್ತಿ ಗೆದ್ದಿದ್ದರು, ಮಿಗೆಲ್ ತೆಹಾದಾ ಲೀಗ್‌ನ ಅತ್ಯಂತ ಮೌಲ್ಯಯುತ ಆಟಗಾರ ಆಗಿದ್ದರು. ಪ್ರತಿಭೆ ಹುಡುಕಲು ಊರೂರು ಅಲೆಯುವ ಸ್ಕೌಟ್‌ಗಳ ಕಾಲದ ಆಯ್ಕೆಗಳು ಇವು. ಚಿತ್ರದಲ್ಲಿ ಇವರಿಗೆ ಹೆಚ್ಚು ಜಾಗ ಇಲ್ಲ.

ಇಲ್ಲೊಂದು ತಿರುವು ಇದೆ, ಅದನ್ನು ಗಮನಿಸಬೇಕು. ‘ಕಡಿಮೆ ಬೆಲೆಗೆ ಸಿಗುವ ಒಳ್ಳೆ ಆಟಗಾರ’ ಅನ್ನೋ ಮಾತನ್ನು ಆಟಗಾರನ ಕಡೆಯಿಂದ ಕೇಳಿ ನೋಡಿ. ತನ್ನ ಕೆಲಸಕ್ಕೆ ತಕ್ಕ ಕೂಲಿ ಸಿಗದವನು ಅಂತ ಅರ್ಥ. ಅಭಿಮಾನಿಗಳ ಕೋಲು ಇಷ್ಟರಲ್ಲಿ ಮಾಲೀಕರ ಕಚೇರಿ ಸೇರಿತ್ತು. ಇವತ್ತು ಪ್ರತಿ ತಂಡದಲ್ಲೂ ಗಣಿತ, ಭೌತಶಾಸ್ತ್ರ, ಕಂಪ್ಯೂಟರ್ ಸೈನ್ಸ್ ಓದಿದವರ ಪಡೆಯೇ ಇದೆ.

2012: ಎಲ್ಲರೂ ನೋಡದೆ ಬಿಟ್ಟ ಸಾಲು

ಹೊಸ ಲೆಕ್ಕದ ತಿರುಳು ‘ವಾರ್’. ಬೇಸ್‌ಬಾಲ್‌ನಲ್ಲಿ ಬದಲಿ ಆಟಗಾರ ಅಂತ ಒಂದು ಕಲ್ಪನೆ ಇದೆ. ನಿಮ್ಮ ತಾರೆ ನಾಳೆ ಕಾಲು ಮುರಿದುಕೊಂಡರೆ, ಕೆಳಗಿನ ಲೀಗ್‌ನಿಂದ ಕನಿಷ್ಠ ಸಂಬಳಕ್ಕೆ ತಕ್ಷಣ ಕರೆಸಬಹುದಾದವನು. ಅಂಥವರೇ ತುಂಬಿದ ತಂಡ 162 ಪಂದ್ಯಗಳಲ್ಲಿ ಸುಮಾರು 48 ಗೆಲ್ಲಬಹುದು ಅಂತ ಅಂದಾಜು. ಅಂಥವನ ಜಾಗದಲ್ಲಿ ಈತ ಆಡಿದ್ದರಿಂದ ತಂಡಕ್ಕೆ ಹೆಚ್ಚುವರಿ ಎಷ್ಟು ಗೆಲುವು ಸಿಕ್ಕಿತು ಅನ್ನೋದೇ ವಾರ್. ಬ್ಯಾಟಿಂಗ್, ಓಟ, ಫೀಲ್ಡಿಂಗ್, ಆಡುವ ಜಾಗದ ಕಷ್ಟ, ಮೈದಾನದ ಗಾತ್ರ ಎಲ್ಲವನ್ನೂ ರನ್‌ಗೆ ಪರಿವರ್ತಿಸಿ, ಸುಮಾರು 10 ರನ್‌ಗೆ ಒಂದು ಗೆಲುವು ಅಂತ ಲೆಕ್ಕ ಹಾಕ್ತಾರೆ.

ಈ ಅಂಕಿ ಮತ್ತು ಹಳೇ ಅಂಕಿಗಳ ಮಹಾಕಾಳಗ ನಡೆದದ್ದು 2012ರಲ್ಲಿ. ಡೆಟ್ರಾಯಿಟ್‌ನ ಮಿಗೆಲ್ ಕಬ್ರೆರಾ ಸರಾಸರಿ, ಹೋಮ್ ರನ್, ಆರ್‌ಬಿಐ ಮೂರರಲ್ಲೂ ಲೀಗ್‌ಗೇ ಮೊದಲಿಗರಾಗಿ ‘ಟ್ರಿಪಲ್ ಕ್ರೌನ್’ ಗಳಿಸಿದರು. 1967ರ ನಂತರ ಯಾರಿಗೂ ಆಗದಿದ್ದ ಸಾಧನೆ. ಎದುರಿಗೆ ಏಂಜಲ್ಸ್ ತಂಡದ ಮೈಕ್ ಟ್ರೌಟ್, 20 ದಾಟಿ 21ಕ್ಕೆ ಕಾಲಿಟ್ಟ ಹುಡುಗ. 30 ಹೋಮ್ ರನ್, 49 ಬೇಸ್ ಕಳವು, ಜೊತೆಗೆ ಮೈದಾನದ ನಡುವೆ ಅದ್ಭುತ ಫೀಲ್ಡಿಂಗ್. ಆರ್‌ಬಿಐ ಮಾತ್ರ ಕಬ್ರೆರಾರ 139ರ ಮುಂದೆ 83. ಆದರೆ ಟ್ರೌಟ್ ಸರದಿಯಲ್ಲಿ ಮೊದಲಿಗರಾಗಿ ಆಡುತ್ತಿದ್ದರು. ಮನೆಗೆ ತರಲು ಬೇಸ್ ಮೇಲೆ ಜನ ಇರಬೇಕಲ್ಲ! ವಾರ್ ಲೆಕ್ಕದಲ್ಲಿ ಟ್ರೌಟ್ 10ರ ಮೇಲೆ, ಕಬ್ರೆರಾ 7ರ ಆಸುಪಾಸು.

ಹಳೇ ಪಂಗಡ ಹೇಳಿತು: ಕಬ್ರೆರಾ ತಂಡವನ್ನು ಪ್ಲೇಆಫ್‌ಗೆ ಒಯ್ದರು. ಹೊಸ ಪಂಗಡ ಉತ್ತರಿಸಿತು: ಡೆಟ್ರಾಯಿಟ್ ಗೆದ್ದದ್ದು 88, ಏಂಜಲ್ಸ್ ಗೆದ್ದದ್ದು 89, ಸುಲಭದ ವಿಭಾಗದಲ್ಲಿದ್ದವರು ಮುಂದೆ ಹೋದರು ಅಷ್ಟೇ. ತಂಡಕ್ಕಾಗಿ ಕಬ್ರೆರಾ ತಮ್ಮ ಜಾಗ ಬಿಟ್ಟು ಕಷ್ಟದ ಥರ್ಡ್ ಬೇಸ್‌ಗೆ ಹೋದರು ಅಂತ ಇವರು; ಅಲ್ಲಿ ಅವರ ಫೀಲ್ಡಿಂಗ್ ಸಾಧಾರಣಕ್ಕಿಂತ ಕೆಳಗೆ ಅಂತ ಅವರು. 28 ಮತಗಳಲ್ಲಿ 22 ಕಬ್ರೆರಾಗೆ, 6 ಟ್ರೌಟ್‌ಗೆ.

ಈ ಚರ್ಚೆಯ ಬಗ್ಗೆ ಬಂದ ಬರಹಗಳಿಗೆ ಲೆಕ್ಕವಿಲ್ಲ. ನನ್ನನ್ನು ತಡೆದು ನಿಲ್ಲಿಸಿದ ಅಂಕಿ ಬೇರೆ. ಆ ವರ್ಷ ಕಬ್ರೆರಾ ಸಂಬಳ 2.1 ಕೋಟಿ ಡಾಲರ್. ಟ್ರೌಟ್‌ಗೆ, ಅಷ್ಟೆಲ್ಲ ಆಡಿದ ಮೇಲೆ, 2013ಕ್ಕೆ ತಂಡ ನಿಗದಿ ಮಾಡಿದ ಸಂಬಳ 5 ಲಕ್ಷ 10 ಸಾವಿರ ಡಾಲರ್. ಲೀಗ್‌ನ ಕನಿಷ್ಠ ಸಂಬಳಕ್ಕಿಂತ 20 ಸಾವಿರ ಮಾತ್ರ ಹೆಚ್ಚು. ಹೊಸ ಲೆಕ್ಕವೂ ಹಳೇ ಲೆಕ್ಕವೂ ಲೀಗ್‌ನ ಇಬ್ಬರು ಶ್ರೇಷ್ಠರಲ್ಲಿ ಒಬ್ಬ ಅಂತ ಒಪ್ಪಿದ ಹುಡುಗನಿಗೆ ಕನಿಷ್ಠ ಕೂಲಿ! ಯಾಕೆಂದರೆ ನಿಯಮ ಹಾಗಿದೆ. ಮೊದಲ ಮೂರು ವರ್ಷ ಸಾಮಾನ್ಯವಾಗಿ ತಂಡ ಕೊಟ್ಟಷ್ಟು ತಗೊಳ್ಳಬೇಕು. ಮುಂದಿನ ಮೂರು ವರ್ಷ ಪಂಚಾಯ್ತಿ. ಆರು ವರ್ಷ ಆದ ಮೇಲೆ ತಾನೇ ಮಾರುಕಟ್ಟೆಗೆ ಹೋಗುವ ಸ್ವಾತಂತ್ರ್ಯ. ಹೆಚ್ಚಿನವರು ಅಷ್ಟರಲ್ಲಿ 30ರ ಹತ್ತಿರ ಬಂದಿರ್ತಾರೆ.

ಟ್ರೌಟ್‌ಗೆ ಮುಂದೆ ಹಣ ಬಂತು. 2019ರ ದೀರ್ಘ ಒಪ್ಪಂದದ ಮೊತ್ತ 42 ಕೋಟಿ ಡಾಲರ್‌ಗೂ ಹೆಚ್ಚು. ಎಲ್ಲರೂ ಟ್ರೌಟ್ ಅಲ್ಲ. ಆಟಗಾರರು ಇಪ್ಪತ್ತರ ಹರೆಯದಲ್ಲಿ ಉತ್ತುಂಗದಲ್ಲಿರ್ತಾರೆ, 30 ದಾಟಿದ ಮೇಲೆ ಇಳಿಯುತ್ತಾರೆ ಅಂತ ಇದೇ ಹೊಸ ಲೆಕ್ಕ ತೋರಿಸಿತು. ತಂಡಗಳು ಆ ಪಾಠದಲ್ಲಿ ಅರ್ಧ ಮಾತ್ರ ಕಲಿತವು. 30 ದಾಟಿದವರಿಗೆ ಹೆಚ್ಚು ಕೊಡಬಾರದು ಅನ್ನೋದು ಆ ಅರ್ಧ. 23ರ ಹುಡುಗನಿಗೆ ಹೆಚ್ಚು ಕೊಡಬೇಕು ಅನ್ನೋ ಇನ್ನರ್ಧ ನಿಯಮಾವಳಿಯಲ್ಲಿ ಇರಲಿಲ್ಲ.

ವರ್ನಿಯರ್‌ನ ಲೀಸ್ಟ್ ಕೌಂಟ್

ಹಾಗಾದರೆ ವಾರ್ ನೋಡಿ ಸಂಬಳ ಕೊಟ್ಟರೆ ಆಯ್ತಲ್ಲ? ಎಂಜಿನಿಯರಿಂಗ್ ಓದಿ ಬಂದವನಾದ ನನಗೂ ಮೊದಲಿಗೆ ಹಿಡಿಸುವ ಉತ್ತರ ಅದೇ. ಆದರೆ ಅದೇ ಓದಿನ ಮೊದಲ ಲ್ಯಾಬ್‌ನಲ್ಲಿ ವರ್ನಿಯರ್ ಕ್ಯಾಲಿಪರ್ ಕೈಗೆ ಕೊಟ್ಟು ಕಲಿಸಿದ ಪಾಠ ಇನ್ನೊಂದಿದೆ: ಉಪಕರಣದ ಲೀಸ್ಟ್ ಕೌಂಟ್‌ಗಿಂತ ಸೂಕ್ಷ್ಮವಾಗಿ ಅಳೆದೆ ಅಂತ ಬರೆಯಬಾರದು. ಬರೆದರೆ ರೆಕಾರ್ಡ್ ಬುಕ್ಕಿಗೆ ಕೆಂಪು ಗೆರೆ.

ವಾರ್‌ನ ಲೀಸ್ಟ್ ಕೌಂಟ್ ಎಷ್ಟು? ಅದನ್ನು ಪ್ರಕಟಿಸುವ ಬೇಸ್‌ಬಾಲ್ ರೆಫರೆನ್ಸ್ ತಾಣವೇ ಎಚ್ಚರಿಕೆ ಕೊಡುತ್ತದೆ: ಇಬ್ಬರ ನಡುವೆ ಒಂದೆರಡು ಗೆಲುವಿಗಿಂತ ಕಡಿಮೆ ವ್ಯತ್ಯಾಸ ಇದ್ದರೆ ಇವನೇ ಮೇಲು ಅಂತ ಖಡಾಖಂಡಿತ ಹೇಳಬೇಡಿ ಅಂತ. ಜೊತೆಗೆ ವಾರ್ ಒಂದೇ ಅಲ್ಲ, ಹಲವು ಇವೆ. ಹೆಚ್ಚು ಬಳಕೆಯಲ್ಲಿರುವುದು ಬೇಸ್‌ಬಾಲ್ ರೆಫರೆನ್ಸ್ ಮತ್ತು ಫ್ಯಾನ್‌ಗ್ರಾಫ್ಸ್ ತಾಣಗಳದ್ದು. ಪಿಚರ್‌ಗಳ ವಿಷಯದಲ್ಲಿ ಇವೆರಡು ಕೇಳುವ ಪ್ರಶ್ನೆಯೇ ಬೇರೆ. ಮೊದಲನೆಯದು ಪಿಚರ್ ಎಷ್ಟು ರನ್ ಬಿಟ್ಟ ಅಂತ ನೋಡಿ ಅದರಿಂದ ಫೀಲ್ಡರ್‌ಗಳ ಪಾಲು ಕಳೆಯುತ್ತದೆ. ಎರಡನೆಯದು ಮುಖ್ಯವಾಗಿ ಸ್ಟ್ರೈಕ್‌ಔಟ್, ವಾಕ್, ಹೋಮ್ ರನ್ ನೋಡುತ್ತದೆ, ಫೀಲ್ಡರ್‌ಗಳ ಕೈಗೆ ಹೋಗದ ಸಂಗತಿಗಳು ಅವು ಅನ್ನೋ ಕಾರಣಕ್ಕೆ.

ಉದಾಹರಣೆಗೆ 2021. ಮಿಲ್ವಾಕಿ ಬ್ರೂವರ್ಸ್‌ನ ಕಾರ್ಬಿನ್ ಬರ್ನ್ಸ್ 167 ಇನಿಂಗ್ಸ್ ಎಸೆದರು, ಎಸೆದಾಗೆಲ್ಲ ಬೆಂಕಿ. ಫಿಲಡೆಲ್ಫಿಯಾದ ಜಾಕ್ ವೀಲರ್ 213 ಇನಿಂಗ್ಸ್ ಎಸೆದರು, ಸ್ವಲ್ಪ ಹೆಚ್ಚು ರನ್ ಬಿಟ್ಟರು. ಒಂದು ವಾರ್ ಪ್ರಕಾರ ಬರ್ನ್ಸ್ ಕೂದಲೆಳೆ ಮುಂದೆ. ಇನ್ನೊಂದರ ಪ್ರಕಾರ ವೀಲರ್ ಎರಡು ಗೆಲುವಿನಷ್ಟು ಮುಂದೆ. ಸೈ ಯಂಗ್ ಮತದಾನದಲ್ಲಿ ಇಬ್ಬರಿಗೂ ಮೊದಲ ಸ್ಥಾನದ ತಲಾ 12 ಮತ. ಒಟ್ಟು ಅಂಕದಲ್ಲಿ ಬರ್ನ್ಸ್ 151, ವೀಲರ್ 141. ಒಂದೇ ಋತು, ಒಂದೇ ಚೆಂಡುಗಳು, ಎರಡು ಉತ್ತರ. ಯಾರೂ ತಪ್ಪು ಲೆಕ್ಕ ಮಾಡಿಲ್ಲ.

ರಾಲಿ ವಿಷಯದಲ್ಲೂ ಇದೇ ಆಯಿತು. ಅಂಚಿನ ಚೆಂಡನ್ನು ಅಂಪೈರ್ ಕಣ್ಣಿಗೆ ಸ್ಟ್ರೈಕ್‌ನಂತೆ ಕಾಣಿಸುವ ಹಾಗೆ ಹಿಡಿಯುವ ಕಲೆಗೆ ‘ಫ್ರೇಮಿಂಗ್’ ಅಂತಾರೆ. ಫ್ಯಾನ್‌ಗ್ರಾಫ್ಸ್ ಅದನ್ನು ಎಣಿಸುತ್ತದೆ, ಹಾಗಾಗಿ ಅಲ್ಲಿ ರಾಲಿ 9ರ ಮೇಲೆ. ಬೇಸ್‌ಬಾಲ್ ರೆಫರೆನ್ಸ್ ಎಣಿಸಲ್ಲ, ಅಲ್ಲಿ 7ರ ಮೇಲೆ ಸ್ವಲ್ಪ. 2026ರಿಂದ ಆಟಗಾರರು ಅಂಪೈರ್ ತೀರ್ಪನ್ನು ಕ್ಯಾಮೆರಾ ವ್ಯವಸ್ಥೆಗೆ ಒಪ್ಪಿಸಿ ಪ್ರಶ್ನಿಸುವ ಅವಕಾಶ ಬಂದಿದೆ, ನಮ್ಮ ಡಿಆರ್‌ಎಸ್ ಥರ. ಅಂಪೈರ್‌ಗೆ ಮೋಡಿ ಮಾಡುವ ಕಲೆಗೆ ಇನ್ನು ಎಷ್ಟು ಬೆಲೆ? ಆಟಗಾರ ಅವನೇ, ಕೈಚಳಕ ಅದೇ. ನಿಯಮ ಬದಲಾದರೆ ಮೌಲ್ಯವೂ ಬದಲಾಗುತ್ತದೆ.

2017ರಲ್ಲಿ ಹೂಸೆ ಆಲ್ಟುವೆ ಮತ್ತು ಜಡ್ಜ್ ನಡುವೆ ಪ್ರಶಸ್ತಿಯ ಪೈಪೋಟಿ ಇದ್ದಾಗ, ವಾರ್ ಇಬ್ಬರನ್ನೂ ಹೆಚ್ಚುಕಮ್ಮಿ ಸಮ ಅಂದಿತು. ಆಗ ಅದನ್ನು ಕಟುವಾಗಿ ಟೀಕಿಸಿದ್ದು ಹಳೇ ಪಂಗಡದವರಲ್ಲ, ಬಿಲ್ ಜೇಮ್ಸ್! ಇಕ್ಕಟ್ಟಿನ ಹೊತ್ತಿನಲ್ಲಿ ಹೊಡೆದದ್ದಕ್ಕೂ ಸೋತ ಪಂದ್ಯದಲ್ಲಿ ಹೊಡೆದದ್ದಕ್ಕೂ ಒಂದೇ ತೂಕ ಕೊಡುವ ಅಂಕಿಯನ್ನು ‘ಗೆಲುವು’ ಅಂತ ಕರೆಯೋದು ಹೇಗೆ ಅನ್ನೋದು ಅವರ ವಾದದ ಸಾರ.

ಬೇಕಾದಾಗ ಬೇಕಾದ ಅಂಕಿ

ಈಗ ದುಡ್ಡಿನ ವಿಷಯಕ್ಕೆ ಬರೋಣ. ಮೂರರಿಂದ ಆರು ವರ್ಷದ ಅನುಭವ ಇರುವವರ ಸಂಬಳ ಪಂಚಾಯ್ತಿಗೆ ಹೋಗಬಹುದು ಅಂದೆನಲ್ಲ. ಆಟಗಾರ ಒಂದು ಮೊತ್ತ ಹೇಳ್ತಾನೆ, ತಂಡ ಒಂದು ಮೊತ್ತ. ಮೂವರು ಪಂಚರು ಎರಡರಲ್ಲಿ ಒಂದನ್ನು ಆರಿಸಬೇಕು, ನಡುವಿನ ದಾರಿ ಇಲ್ಲ. ಈ ಪಂಚರು ಕಾರ್ಮಿಕ ವ್ಯಾಜ್ಯಗಳ ಪರಿಣತರು, ಬೇಸ್‌ಬಾಲ್ ಪಂಡಿತರಲ್ಲ. ಹಾಗಾಗಿ ಸುಲಭವಾಗಿ ಅರ್ಥವಾಗುವ ಹೋಮ್ ರನ್, ಆರ್‌ಬಿಐ, ಗೆಲುವು, ಸೇವ್‌ಗಳಿಗೆ ಅಲ್ಲಿ ಇವತ್ತಿಗೂ ತೂಕ.

2017ರಲ್ಲಿ ಯಾಂಕೀಸ್‌ನ ಡೆಲಿನ್ ಬೆಟಾನ್ಸೆಸ್ 50 ಲಕ್ಷ ಡಾಲರ್ ಕೇಳಿದರು, ತಂಡ 30 ಲಕ್ಷ ಅಂದಿತು. ಹಿಂದಿನ ಮೂರೂ ವರ್ಷ ಆಲ್ ಸ್ಟಾರ್ ತಂಡಕ್ಕೆ ಆಯ್ಕೆಯಾಗಿದ್ದ ಪಿಚರ್. ಆದರೆ ಅವರನ್ನು ಹೆಚ್ಚಾಗಿ ಏಳು, ಎಂಟನೇ ಇನಿಂಗ್ಸ್‌ಗಳಲ್ಲಿ ಇಳಿಸುತ್ತಿದ್ದರು, ಹಾಗಾಗಿ ಸೇವ್‌ಗಳು ಕಡಿಮೆ. ಬೆಟಾನ್ಸೆಸ್ ಸೋತರು. ಸೋತ ಮೇಲೂ ಬಿಡದೆ ತಂಡದ ಅಧ್ಯಕ್ಷ ರ‍್ಯಾಂಡಿ ಲೆವಿನ್, ಕೊನೆ ಇನಿಂಗ್ಸ್ ಆಡುವವರ ಸಂಬಳ ಕೇಳಲು ಇವರು ಆ ಕೆಲಸದವರೇ ಅಲ್ಲ ಅಂತ ಬಹಿರಂಗವಾಗಿ ಅಣಕಿಸಿದರು. ಯಾವ ಇನಿಂಗ್ಸ್‌ನಲ್ಲಿ ಇಳಿಸಬೇಕು ಅಂತ ನಿರ್ಧರಿಸಿದ್ದು ತಂಡ. ಆ ನಿರ್ಧಾರದಿಂದ ಹುಟ್ಟಿದ ಅಂಕಿಯನ್ನು ಆಟಗಾರನ ವಿರುದ್ಧ ಬಳಸಿದ್ದೂ ತಂಡವೇ. ಮೈದಾನದಲ್ಲಿ ಹೊಸ ಲೆಕ್ಕ, ಸಂಬಳದ ಮೇಜಿನಲ್ಲಿ ಹೋಲ್ಟ್ಜ್‌ಮನ್ ಕಾಲದ ಲೆಕ್ಕ.

ಮೇಲೆ ಹೇಳಿದ ಬರ್ನ್ಸ್ ಕೂಡ 2023ರಲ್ಲಿ ಪಂಚಾಯ್ತಿಗೆ ಹೋದರು. ಕೇಳಿದ್ದು 1 ಕೋಟಿ 7.5 ಲಕ್ಷ ಡಾಲರ್, ತಂಡ ಹೇಳಿದ್ದು 1 ಕೋಟಿ 10 ಸಾವಿರ. ಸೋತರು. ಹಿಂದಿನ ವರ್ಷ ತಂಡ ಪ್ಲೇಆಫ್ ತಪ್ಪಿಸಿಕೊಳ್ಳಲು ತಾನೇ ಕಾರಣ ಅನ್ನೋ ಹಾಗೆ ವಾದಿಸಿದರು ಅಂತ ಅವರು ಮಾಧ್ಯಮದ ಮುಂದೆ ನೋವು ತೋಡಿಕೊಂಡರು. ಒಂದು ವರ್ಷದೊಳಗೆ ಅವರು ಬೇರೆ ತಂಡಕ್ಕೆ ಹೋದರು. 2024ರ ಕೊನೆಗೆ ಸ್ವತಂತ್ರರಾದಾಗ ಅರಿಜೋನಾದಿಂದ ಸಿಕ್ಕ ಆರು ವರ್ಷದ ಒಪ್ಪಂದ 21 ಕೋಟಿ ಡಾಲರ್. ಮರುವರ್ಷವೇ ಮೊಣಕೈಗೆ ಶಸ್ತ್ರಚಿಕಿತ್ಸೆ ಆಯಿತು. ಒಂದು ವರ್ಷ ಮೊದಲೇ ಆ ಕೈ ಕೈಕೊಟ್ಟಿದ್ದರೆ? ಎಳೆಯ ಆಟಗಾರರು ‘ಈಗಲೇ ಕೊಡಿ’ ಅನ್ನೋದಕ್ಕೆ ಕಾರಣ ದುರಾಸೆ ಅಲ್ಲ.

2021ರ ಮಾತುಕತೆಯಲ್ಲಿ ಮಾಲೀಕರು, ಪಂಚಾಯ್ತಿ ಪದ್ಧತಿಯನ್ನೇ ತೆಗೆದು ವಾರ್ ಸೂತ್ರದ ಪ್ರಕಾರ ಸಂಬಳ ಕೊಡೋಣ ಅಂದಿದ್ದರು ಅಂತ ಅಲ್ಲಿನ ಮಾಧ್ಯಮಗಳು ವರದಿ ಮಾಡಿದವು. ಸಂಘ ಒಪ್ಪಲಿಲ್ಲ. 99 ದಿನಗಳ ಲಾಕ್‌ಔಟ್ ನಂತರ 2022ರ ಮಾರ್ಚ್‌ನಲ್ಲಿ ಒಪ್ಪಂದ ಆದಾಗ ಒಂದು ರಾಜಿ ಸೂತ್ರ ಬಂತು: ಪಂಚಾಯ್ತಿ ಹಕ್ಕು ಇನ್ನೂ ಬಾರದ ಎಳೆಯರಿಗೆ ಹಂಚಲು ವರ್ಷಕ್ಕೆ 5 ಕೋಟಿ ಡಾಲರ್‌ಗಳ ನಿಧಿ. ಅದರಲ್ಲಿ ಒಂದು ಪಾಲು ಪ್ರಶಸ್ತಿಗಳಿಗೆ. ಸೈ ಯಂಗ್ ಗೆದ್ದರೆ 25 ಲಕ್ಷ. ಉಳಿದದ್ದನ್ನು ಎರಡೂ ಕಡೆ ಒಪ್ಪಿದ ವಾರ್ ಸೂತ್ರದಲ್ಲಿ ಮುಂದಿರುವ 100 ಮಂದಿಗೆ ಅವರವರ ಅಂಕಿಗೆ ತಕ್ಕಂತೆ ಹಂಚುತ್ತಾರೆ.

ಏನೂ ಇಲ್ಲದ್ದಕ್ಕಿಂತ ಇದು ಎಷ್ಟೋ ವಾಸಿ. ಆದರೆ ವರ್ನಿಯರ್ ನೆನಪಿಸಿಕೊಳ್ಳಿ. ಒಂದು ಗೆಲುವಿನ ವ್ಯತ್ಯಾಸವನ್ನೂ ಗಟ್ಟಿಯಾಗಿ ನಂಬಬೇಡಿ ಅನ್ನುವ ಮಾಪನದಲ್ಲಿ, ದಶಮಾಂಶದ ವ್ಯತ್ಯಾಸಕ್ಕೆ ದುಡ್ಡು ಕತ್ತರಿಸಿ ಕೊಡ್ತಾ ಇದ್ದಾರೆ. ನೂರನೆಯವನಿಗೆ ಪಾಲು, ನೂರಾ ಒಂದನೆಯವನಿಗೆ ಸೊನ್ನೆ. ಪ್ರಶಸ್ತಿಗೆ ಮತ ಹಾಕುವ ಪತ್ರಕರ್ತರು, ಬೇಕೋ ಬೇಡವೋ, ಆಟಗಾರರ ಸಂಬಳ ನಿರ್ಧರಿಸುವವರೂ ಆಗಿದ್ದಾರೆ. ಈ ಕಸುಬಿನವನಾಗಿ ನನಗೆ ಅದು ಇರಿಸುಮುರಿಸು.

ನಮಗೆ ಪರಿಚಯವಿಲ್ಲದ ಜಗಳವೇನಲ್ಲ

ನಮ್ಮ ಕೆ.ಎಲ್. ರಾಹುಲ್ 2020ರ ಐಪಿಎಲ್‌ನಲ್ಲಿ 670 ರನ್ ಹೊಡೆದು ಆರೆಂಜ್ ಕ್ಯಾಪ್ ಗೆದ್ದರು. ಸ್ಟ್ರೈಕ್ ರೇಟ್ 129. ಅವರ ಪಂಜಾಬ್ ತಂಡ ಪ್ಲೇಆಫ್ ತಲುಪಲಿಲ್ಲ. ಒಟ್ಟು ರನ್ ನೋಡಬೇಕೋ, ಅದಕ್ಕೆ ತಗೊಂಡ ಚೆಂಡು ನೋಡಬೇಕೋ, ಇನ್ನೊಂದು ಕಡೆ ವಿಕೆಟ್ ಬೀಳ್ತಿದ್ದಾಗ ನಿಂತದ್ದನ್ನು ನೋಡಬೇಕೋ ಅಂತ ನಾವೂ ವರ್ಷಗಟ್ಟಲೆ ಕಚ್ಚಾಡಿದ್ದೇವೆ. ಚಾಡ್ವಿಕ್ ಕ್ರಿಕೆಟ್‌ನಿಂದ ಒಯ್ದ ಸರಾಸರಿಯ ಜಗಳ ಒಂದು ಸುತ್ತು ಹಾಕಿ ಕ್ರಿಕೆಟ್‌ಗೇ ವಾಪಸ್ ಬಂದಿದೆ.

ಕ್ರೀಡೆ ಬಿಡಿ. ಪತ್ರಿಕೋದ್ಯಮಕ್ಕೆ ಬರುವ ಮೊದಲು ನಾನು ಸ್ವಲ್ಪ ಕಾಲ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದೆ. ಅಪ್ರೈಸಲ್ ಸಮಯಕ್ಕೆ ಇಡೀ ವರ್ಷದ ದುಡಿಮೆ ಒಂದರಿಂದ ಐದರೊಳಗಿನ ಒಂದು ಅಂಕಿ ಆಗ್ತಿತ್ತು. ಟೀಮಿನಲ್ಲಿ ಎಷ್ಟು ಮಂದಿಗೆ ಯಾವ ಅಂಕಿ ಅನ್ನೋದನ್ನು ಬೆಲ್ ಕರ್ವ್ ಮೊದಲೇ ತೀರ್ಮಾನಿಸಿ ಇಟ್ಟಿರ್ತಿತ್ತು. ಆ ಅಂಕಿ ಸರಿಯೋ ತಪ್ಪೋ ಅಂತ ಕ್ಯಾಂಟೀನಿನಲ್ಲಿ ಗಂಟೆಗಟ್ಟಲೆ ಮಾತಾಡ್ತಿದ್ವಿ. ಸೂತ್ರ ಬರೆದವರು ಯಾರು ಅಂತ ಕೇಳಿದವರು ಕಡಿಮೆ. ನಮಗೆ ಸಂಘವೂ ಇರಲಿಲ್ಲ, ಪಂಚಾಯ್ತಿಯೂ ಇರಲಿಲ್ಲ. ಆ ಮಟ್ಟಿಗೆ ಬೇಸ್‌ಬಾಲ್ ಹುಡುಗರು ನಮಗಿಂತ ಅದೃಷ್ಟವಂತರು. ಅವರ ಸೂತ್ರದ ಮೇಲೆ ಅವರ ಪ್ರತಿನಿಧಿಗಳ ಸಹಿಯೂ ಇದೆ.

ಡಿಸೆಂಬರ್ ಮೊದಲು ಆಗಬೇಕಾದ್ದು

ಅಂಕಿ ಬಿಟ್ಟು ಕಣ್ಣನ್ನೇ ನಂಬೋಣ ಅಂತ ನಾನು ಹೇಳಲ್ಲ. ಕಣ್ಣು ಏನು ಮಾಡುತ್ತದೆ ಅನ್ನೋದಕ್ಕೆ ಆಲ್ಟುವೆ ಸಾಕ್ಷಿ. ಕುಳ್ಳ ಅನ್ನೋ ಕಾರಣಕ್ಕೆ ಆಯ್ಕೆ ಶಿಬಿರದಿಂದ ವಾಪಸ್ ಕಳಿಸಿದ್ದ ಹುಡುಗ. ಮರುದಿನ ಮತ್ತೆ ಬಂದು ನಿಂತದ್ದಕ್ಕೆ ಕೊನೆಗೆ 15 ಸಾವಿರ ಡಾಲರ್‌ಗೆ ತಗೊಂಡರು. ಅಳತೆ ಬೇಕು. ಹರ್ನಾಂಡೆಜ್‌ಗೆ ನ್ಯಾಯ ಸಿಕ್ಕಿದ್ದು ಉತ್ತಮ ಅಳತೆ ಇದ್ದದ್ದಕ್ಕೇ.

ನನ್ನ ತಕರಾರು ಇಷ್ಟೇ: ಪ್ರಶಸ್ತಿ ಚರ್ಚೆಯಲ್ಲಿ ತಪ್ಪಾದರೆ ಒಂದು ಫಲಕ ಕೈತಪ್ಪುತ್ತದೆ, ಸಂಬಳದಲ್ಲಿ ತಪ್ಪಾದರೆ ಒಬ್ಬನ ಬದುಕಿನ ಅತ್ಯಂತ ದುಡಿಯುವ ವರ್ಷಗಳು ಕೈತಪ್ಪುತ್ತವೆ. ಎರಡಕ್ಕೂ ಒಂದೇ ಅಂಕಿಯನ್ನು ಒಂದೇ ಧೈರ್ಯದಿಂದ ಬಳಸಬಾರದು. ಹೊಸ ಒಪ್ಪಂದದಲ್ಲಿ ಕನಿಷ್ಠ ಮೂರು ಸಂಗತಿ ಬರಬೇಕು ಅಂತ ನನಗನ್ನಿಸುತ್ತದೆ. ನಿಧಿ ಹಂಚುವಾಗ ದಶಮಾಂಶಕ್ಕೆ ಬದಲು ಅಗಲವಾದ ಹಂತಗಳಿರಲಿ; ಅಳತೆಯ ದೋಷದೊಳಗೆ ಇರುವವರಿಗೆಲ್ಲ ಒಂದೇ ಮೊತ್ತ ಸಿಗಲಿ. ಪಂಚಾಯ್ತಿಯಲ್ಲಿ, ತಂಡವೇ ನಿರ್ಧರಿಸುವ ಸಂಗತಿಗಳಿಂದ ಹುಟ್ಟುವ ಸೇವ್, ಆರ್‌ಬಿಐನಂಥ ಅಂಕಿಗಳನ್ನು ಆಟಗಾರನ ವಿರುದ್ಧ ಬಳಸಲು ಬಿಡದಿರಲಿ. ಎಲ್ಲಕ್ಕಿಂತ ಮುಖ್ಯವಾಗಿ, 2026ರಲ್ಲಿ 7 ಲಕ್ಷ 80 ಸಾವಿರ ಡಾಲರ್ ಇರುವ ಕನಿಷ್ಠ ಸಂಬಳವೂ ಆ ನಿಧಿಯೂ ಹಿಗ್ಗಲಿ, ಆರು ವರ್ಷದ ಕಾಯುವಿಕೆ ತಗ್ಗಲಿ.

ಕನಿಷ್ಠವೇ ಅಷ್ಟು ಡಾಲರ್ ಅಂದರೆ ಇವರಿಗೇನು ಕಷ್ಟ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಅವರು ಬಿಟ್ಟ ದುಡ್ಡು ಟಿಕೆಟ್ ಕೊಂಡ ಪ್ರೇಕ್ಷಕನ ಜೇಬಿಗೆ ವಾಪಸ್ ಹೋಗಲ್ಲ, ಮಾಲೀಕರ ಖಾತೆಯಲ್ಲೇ ಉಳಿಯುತ್ತದೆ. ಲೆಕ್ಕ ಮಾಡಿ ದುಡ್ಡು ಉಳಿಸಿ ಹೆಸರಾದ ಓಕ್ಲೆಂಡ್ ತಂಡ 2024ರಲ್ಲಿ ಓಕ್ಲೆಂಡ್ ಊರನ್ನೇ ಬಿಟ್ಟು ಹೋಯಿತು. ಈಗ ತಾತ್ಕಾಲಿಕವಾಗಿ ಸ್ಯಾಕ್ರಮೆಂಟೊದಲ್ಲಿ ಆಡುತ್ತಾ ಲಾಸ್ ವೇಗಸ್‌ನಲ್ಲಿ ಹೊಸ ಮೈದಾನಕ್ಕೆ ಕಾಯುತ್ತಿದೆ. ‘ಮನಿಬಾಲ್’ ನೋಡಿ ಚಪ್ಪಾಳೆ ತಟ್ಟಿದ ಆ ಊರಿನ ಜನರಿಗೆ ಇವತ್ತು ಚಪ್ಪಾಳೆ ತಟ್ಟಲು ಊರಿನಲ್ಲಿ ಮೇಜರ್ ಲೀಗ್ ತಂಡವೇ ಇಲ್ಲ.